ಉಳಿದದ್ದನ್ನು ಉಂಡವರು

ಶಾಲೆಯ ಇತಿಹಾಸದ ಪುಸ್ತಕದಲ್ಲಿ ರಾಜರು ಬರುತ್ತಾರೆ, ಯುದ್ಧಗಳು ಬರುತ್ತವೆ. ಅಡುಗೆಮನೆಯ ಕಸ ಮಾತ್ರ ಬರುವುದಿಲ್ಲ. ಇಪ್ಪತ್ತೈದು ವರ್ಷಗಳಿಂದ ಆ ಪಾಠ ಹೇಳುತ್ತಿರುವ ನನಗೆ, ಒಂದು ಊರಿನ ಬಾಳುವೆ ತಿಳಿಯಬೇಕಾದರೆ ಅದರ ತಿಪ್ಪೆಯನ್ನೂ ನೋಡಬೇಕು ಅನಿಸುತ್ತದೆ.

ಹುಬ್ಬಳ್ಳಿ, ಧಾರವಾಡ ಎರಡೂ ಒಂದೇ ಮಹಾನಗರಪಾಲಿಕೆಯ ಕೆಳಗೆ ಬಂದದ್ದು 1962ರಲ್ಲಿ. ಆಗಿನ ಮನೆಗಳಲ್ಲಿ ಬೀದಿಗೆ ಚೆಲ್ಲುವಂಥದು ಹೆಚ್ಚೇನೂ ಇರುತ್ತಿರಲಿಲ್ಲವೆಂದು ನಮ್ಮವ್ವ ಹೇಳುತ್ತಿದ್ದಳು. ಕಿರಾಣಿ ಅಂಗಡಿಯ ಬೇಳೆ, ಬೆಲ್ಲ ಹಳೆಯ ಪೇಪರಿನ ಪೊಟ್ಟಣದಲ್ಲಿ ಬರುತ್ತಿದ್ದವು. ಕಟ್ಟಿದ ದಾರ ಉಂಡೆಯಾಗಿ ಗೂಡು ಸೇರುತ್ತಿತ್ತು, ಕಾಗದ ಒಲೆಗೆ. ಎಣ್ಣೆಗೆ ಮನೆಯ ಬಾಟಲಿ, ಹಾಲಿಗೆ ಮನೆಯ ಚರಿಗೆ. ಮದುವೆಯ ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ. ಉಂಡ ಮೇಲೆ ಅದು ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ.

ಊಟದ ಲೆಕ್ಕವೂ ಹಾಗೆಯೇ. ನಮ್ಮ ಕಡೆಯ ಕಡಕ್ ರೊಟ್ಟಿಯನ್ನೇ ನೋಡಿ. ನೀರಿನ ಪಸೆ ಹೋಗುವಂತೆ ಸುಟ್ಟು ಒಣಗಿಸಿದ್ದರಿಂದ ಬೂಸಲು ಹಿಡಿಯದೆ ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಫ್ರಿಜ್ ಬೇಡ, ಡಬ್ಬಿ ಸಾಕು. 1965ರಲ್ಲಿ ಕಾಳಿನ ಅಭಾವವಾದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ಸೋಮವಾರ ಸಂಜೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ.

ಇಷ್ಟು ಹೇಳಿ ‘ಹಿಂದಿನ ಕಾಲವೇ ಚೆಂದ’ ಎಂದು ಮುಗಿಸಿಬಿಡಬಹುದಿತ್ತು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ: ಆ ಮನೆಗಳಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದವರು ಯಾರು? ಗಂಡಸರು, ಮಕ್ಕಳು ಬಿಸಿ ರೊಟ್ಟಿ ಉಂಡೆದ್ದ ಮೇಲೆ, ನಿನ್ನೆಯ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಕೊನೆಗೆ ಕೂಡುತ್ತಿದ್ದವಳು ನನ್ನ ಅಜ್ಜಿ. ‘ಅನ್ನ ಚೆಲ್ಲಬಾರದವ್ವಾ’ ಎನ್ನುತ್ತಿದ್ದಳು. ಚೆಲ್ಲದಂತೆ ನೋಡಿಕೊಳ್ಳುವ ಭಾರವೆಲ್ಲ ಅವಳ ಹೊಟ್ಟೆಯ ಮೇಲಿತ್ತು. ಪತ್ರಾವಳಿ ಹಚ್ಚುತ್ತಿದ್ದವರೂ ಹೆಚ್ಚಾಗಿ ಬಡ ಹೆಣ್ಣುಮಕ್ಕಳೇ.

ಆದ್ದರಿಂದ ಹಾಲಿನ ಪ್ಯಾಕೆಟ್ಟು, ರವೆಯ ಪಾಕೀಟು ಬಂದಾಗ ನಾವು ನಿಟ್ಟುಸಿರು ಬಿಟ್ಟೆವು. ಆರಿಸುವುದು, ಬೀಸುವುದು, ಕಾಯುವುದು ತಪ್ಪಿತು. ಅದು ಸುಳ್ಳಲ್ಲ. ತಪ್ಪಿದ ದುಡಿಮೆಯ ಬದಲು ಕಸ ಮನೆಗೆ ಬಂತು, ಅಷ್ಟೇ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಅಂಥ ಹಲವು ವಸ್ತುಗಳಿಗೆ ದೇಶದಲ್ಲೆಲ್ಲ ತಡೆಯಾಯಿತು. ಕಾನೂನು ಬಂದರೂ ಚೀಲ ಸಂತೆಯಿಂದ ಪೂರ್ತಿ ಹೋಗಿಲ್ಲ. ಇತ್ತ ಅನ್ನದ ಲೆಕ್ಕ: ವಿಶ್ವಸಂಸ್ಥೆಯ ಪರಿಸರ ವಿಭಾಗದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಲ್ಲೇ.

ಮನೆಗಳಲ್ಲೇ ಎಂದ ಕೂಡಲೇ ಎಲ್ಲರ ಕಣ್ಣು ನಮ್ಮತ್ತ ತಿರುಗುತ್ತದೆ. ತಿರುಗದಿರಲಿ. ಬಟ್ಟೆಯ ಚೀಲ ಗಂಡನ ಸ್ಕೂಟರಿನಲ್ಲೂ ಇರಲಿ. ನಾಳೆ ಎಷ್ಟು ರೊಟ್ಟಿ ಬೇಕೆಂದು ರಾತ್ರಿಯೇ ಎಲ್ಲರೂ ಹೇಳಲಿ. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಮಗನೂ ಕಲಿಯಲಿ. ಉಳಿದ ಅನ್ನಕ್ಕೆ ಒಗ್ಗರಣೆ ಬಿದ್ದ ದಿನ ಎಲ್ಲರ ತಾಟಿಗೂ ಒಂದೊಂದು ತುತ್ತು ಬೀಳಲಿ. ಅಜ್ಜಿಯ ಜಾಣತನ ನಮಗೆ ಬೇಕು. ಅವಳು ಒಬ್ಬಳೇ ಕೊನೆಗೆ ಕೂತು ಉಂಡದ್ದು ಬೇಡ.