ಅಜ್ಜನ ಫೈಲು ಮತ್ತು ಮೊಳೆಯ ಮನೆಗಳು

ಡಿಸೈನ್ ಓದುತ್ತಿರುವ ನಮಗೆ ಎರಡನೇ ವರ್ಷದಲ್ಲಿ ಒಂದು ವೆಬ್ ಪ್ರಾಜೆಕ್ಟ್ ಕೊಟ್ಟರು. ನಿಮಗೆ ಪ್ರೇರಣೆಯಾದ ಒಂದು ಸಂಗತಿಯನ್ನು ಒಂದೇ ಪುಟದಲ್ಲಿ ತೋರಿಸಿ ಎನ್ನುವುದಷ್ಟೇ ಅದರ ವಿಷಯ. ತರಗತಿಯಲ್ಲಿ ಆಗಷ್ಟೇ ಸ್ವಿಟ್ಜರ್ಲೆಂಡಿನ ಯೋಸೆಫ್ ಮುಲ್ಲರ್-ಬ್ರೋಕ್‌ಮನ್‌ರ ಗ್ರಿಡ್ ಪದ್ಧತಿಯ ಪಾಠ ಮುಗಿದಿತ್ತು. ಡೇವ್ ಶಿಯಾ ಎಂಬ ಕೆನಡಾದ ವಿನ್ಯಾಸಕ 2003ರಲ್ಲಿ ಶುರುಮಾಡಿದ ‘ಸಿಎಸ್ಎಸ್ ಝೆನ್ ಗಾರ್ಡನ್’ ಕೂಡ ನೋಡಿದ್ದೆವು. ಅಲ್ಲಿ ಬರಹ ಒಂದೇ, ಅದರ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ತೊಡಿಸುವ ವಿನ್ಯಾಸ ಮಾತ್ರ ಬೇರೆ ಬೇರೆ. ಅದನ್ನು ನೋಡಿದ ಮೇಲೆ ನಮ್ಮೆಲ್ಲರ ತಲೆಯಲ್ಲೂ ಒಂದೇ ನಂಬಿಕೆ ಕೂತಿತ್ತು: ಬರಹ ಎಲ್ಲಿಂದಲೋ ಸಿದ್ಧವಾಗಿ ಬರುತ್ತದೆ, ಅದಕ್ಕೆ ಅಂಗಿ ಹೊಲಿಯುವುದಷ್ಟೇ ನಮ್ಮ ಕೆಲಸ.

ನಾನು ನನ್ನ ಅಜ್ಜನನ್ನು ಆರಿಸಿಕೊಂಡೆ. ಅಜ್ಜ ಉಡುಪಿ ಕಡೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿದವರು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ, ಒಮ್ಮೊಮ್ಮೆ ಊರಿನ ಕವಿಗಳ ಪುಸ್ತಕ, ಇವು ಅಲ್ಲಿನ ಕೆಲಸ. ಕಂಪ್ಯೂಟರ್ ಬಂದು ಆ ಅಚ್ಚುಕೂಟ ಮುಚ್ಚಿದ ಮೇಲೆ ಅವರು ನೋಟುಪುಸ್ತಕದಲ್ಲಿ ತಮ್ಮ ಕೆಲಸದ ನೆನಪುಗಳನ್ನು ಬರೆದಿಟ್ಟಿದ್ದರು. 2002ರ ಸುಮಾರಿಗೆ ಅಪ್ಪ ಅದನ್ನು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರು. ನೋಟುಪುಸ್ತಕವನ್ನು ಅಟ್ಟದಲ್ಲಿ ಗೆದ್ದಲು ತಿಂದಿತು. ಉಳಿದದ್ದು ಒಂದು ಸಿಡಿ, ಅದರೊಳಗೊಂದು ಫೈಲು.

ಆ ಫೈಲನ್ನು ತೆರೆದೆ. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಫ್ರೆಂಚಿನಲ್ಲಿ ಬರುವಂಥ ಟೊಪ್ಪಿಗೆ ಹಾಕಿದ ಅಕ್ಷರಗಳು, ಹಣದ ಚಿಹ್ನೆಗಳು, ಅಲ್ಲೊಂದು ಇಲ್ಲೊಂದು ಚೌಕ. ಅಜ್ಜನ ನಲವತ್ತು ವರ್ಷ ಹೀಗೆ ಕಸವಾಗಿ ಪರದೆಯ ಮೇಲೆ ಬಿದ್ದಿತ್ತು. ಇದು ಯಾಕೆ ಹೀಗಾಯಿತು ಎಂದು ತಿಳಿಯಲು ಹೊರಟವಳು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಕನ್ನಡದ ಮೊಳೆಗಳ ಕಥೆ ಶುರುವಾಗುವುದು ಕನ್ನಡ ನಾಡಿನಲ್ಲಲ್ಲ, ಬಂಗಾಳದ ಹೂಗ್ಲಿ ನದಿಯ ದಡದಲ್ಲಿ. ಅಲ್ಲಿನ ಸೆರಾಂಪುರ ಆಗ ಡೆನ್ಮಾರ್ಕಿನವರ ಕೈಯಲ್ಲಿತ್ತು. ವಿಲಿಯಂ ಕೇರಿ ಮತ್ತು ಜೊತೆಗಾರರು ಅಲ್ಲಿ ನಡೆಸುತ್ತಿದ್ದ ಮಿಷನ್ ಪ್ರೆಸ್ಸಿನಲ್ಲಿ ಭಾರತದ ಹಲವಾರು ಲಿಪಿಗಳಿಗೆ ಮೊಳೆ ಎರಕ ಹೊಯ್ಯಲಾಯಿತು. ಆ ಎರಕದ ಮನೆಯನ್ನು ಬೆಳೆಸಿದವರು ಪಂಚಾನನ ಕರ್ಮಕಾರ್ ಮತ್ತು ಅವರ ಅಳಿಯ ಮನೋಹರ್ ಎಂಬ ಬಂಗಾಳಿ ಕುಶಲಕರ್ಮಿಗಳು. 1812ರ ಮಾರ್ಚಿನಲ್ಲಿ ಪ್ರೆಸ್ಸಿಗೆ ಬೆಂಕಿ ಬಿದ್ದು ಕಾಗದ, ಹಸ್ತಪ್ರತಿ, ಮೊಳೆಗಳು ನಾಶವಾದವು. ಮತ್ತೆ ಮೊದಲಿನಿಂದ ಕಟ್ಟಿದರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಮೂರು ವರ್ಷದ ನಂತರ ಮದರಾಸಿನಲ್ಲಿ ಜಾನ್ ಮೆಕೆರೆಲ್‌ನ ವ್ಯಾಕರಣ ಅಚ್ಚಾಯಿತು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ಕೋಶವನ್ನು 1824ರಲ್ಲೂ ಕನ್ನಡ-ಇಂಗ್ಲಿಷ್ ಕೋಶವನ್ನು 1832ರಲ್ಲೂ ತಂದ. ಕನ್ನಡದ ಮೊದಲ ಅಚ್ಚಿನ ಪುಸ್ತಕಗಳಲ್ಲಿ ಹಲವು ಹೀಗೆ ಕನ್ನಡ ಕಲಿಯಬೇಕಾಗಿದ್ದ ಪರದೇಶದವರಿಗಾಗಿ ಹುಟ್ಟಿದವು.

ಮಂಗಳೂರಿನ ಕಥೆ ಬೇರೆ. ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ಶುರುಮಾಡಿದ್ದು 1841ರಲ್ಲಿ. ಆದರೆ ಅವರ ಬಳಿ ಇದ್ದದ್ದು ಮೊಳೆಯಲ್ಲ, ಕಲ್ಲು. ಕಲ್ಲಚ್ಚಿನ ವಿಧಾನ ಸರಳ. ನುಣುಪು ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯ ಬರಹ ಮೂಡಿಸಬೇಕು, ಕಲ್ಲನ್ನು ನೀರಿನಿಂದ ಒದ್ದೆ ಮಾಡಬೇಕು, ಮೇಲೆ ಮಸಿ ಉರುಳಿಸಬೇಕು. ಒದ್ದೆ ಜಾಗ ಮಸಿಯನ್ನು ದೂಡುತ್ತದೆ, ಜಿಡ್ಡಿನ ಜಾಗ ಹಿಡಿದುಕೊಳ್ಳುತ್ತದೆ. ಹೆರ್ಮನ್ ಮೋಗ್ಲಿಂಗ್ ಸಂಪಾದಿಸಿದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂದದ್ದು ಹೀಗೆ, ಕಲ್ಲಚ್ಚಿನಲ್ಲಿ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಕನ್ನಡದ ಮೊದಲ ಪತ್ರಿಕೆಯೆಂದು ಅದನ್ನು ಇಂದಿಗೂ ಆ ದಿನದಂದು ನೆನೆಯುತ್ತೇವೆ. ಅದರ ಪುಟದ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ತಟ್ಟಿದ್ದು ಒಂದೇ ಮಾತು: ಇದು ಅಚ್ಚಲ್ಲ, ಕೈಬರಹ. ಯಾರೋ ಒಬ್ಬ ಲಿಪಿಕಾರ ಕೂತು ಬರೆದದ್ದು ನೂರಾರು ಪ್ರತಿಗಳಾಗಿ ಹೋಗಿದೆ.

ಕಲ್ಲಿನಲ್ಲಿ ಒಂದು ಸುಖವಿದೆ. ಒತ್ತಕ್ಷರ ಎಲ್ಲಿ ಕೂರಬೇಕು, ದೀರ್ಘ ಎಷ್ಟು ಚಾಚಬೇಕು ಎಂಬ ಜಗಳವೇ ಇಲ್ಲ. ಕೈ ಹೋದಂತೆ ಅಕ್ಷರ. ಮೋಗ್ಲಿಂಗ್ ತನ್ನ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳಂಥ ಹಳೆಯ ಕೃತಿಗಳನ್ನು ತಂದಾಗಲೂ ಈ ಕಲ್ಲಚ್ಚೇ ಕೈಹಿಡಿಯಿತು. ಆದರೆ ಕಲ್ಲಿನಲ್ಲಿ ಒಂದು ದುಃಖವೂ ಇದೆ. ಒಂದು ಪದ ತಪ್ಪಿದರೆ ಆ ಒಂದು ಅಕ್ಷರವನ್ನು ಹಿರಿದು ಬೇರೆ ಇಡುವಂತಿಲ್ಲ. ಇಡೀ ಪುಟ ಒಂದೇ ಚಿತ್ರ. ಪತ್ರಿಕೆಗೆ ಇದು ಒಗ್ಗಲಿಲ್ಲ. 1844ರಲ್ಲಿ ಅದು ಮೊಳೆಗಳಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಂಗಳೂರಿಗೂ ಮುಂದೆ ಲೋಹದ ಮೊಳೆಗಳು ಬಂದವು. ಅಲ್ಲಿನ ಅಚ್ಚುಕೂಟವನ್ನು ನೋಡಿಕೊಂಡ ಜಾರ್ಜ್ ಪ್ಲೆಬ್ಸ್ಟ್‌ನೇ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದವನು. ನಮ್ಮ ಅಜ್ಜನ ಮನೆಯ ಮೇಲಿನ ಮಂಗಳೂರು ಹೆಂಚಿಗೂ ಅವರ ಕೈಯಲ್ಲಿದ್ದ ಮೊಳೆಗೂ ಹೀಗೊಂದು ನೆಂಟಸ್ತಿಕೆ ಇದೆ. 1894ರಲ್ಲಿ ಕಿಟ್ಟೆಲರ ಮಹಾಕೋಶ ಅದೇ ಮಂಗಳೂರಿನಿಂದ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಮೊಳೆ ಗೆದ್ದಾಗಿತ್ತು.

ಮೊಳೆ ಎಂದರೆ ಏನು ಎಂದು ಅಜ್ಜ ನನಗೆ ಅನ್ನದ ತಟ್ಟೆಯ ಮುಂದೆ ವಿವರಿಸಿದ್ದರು. ಮರದ ಕೇಸು, ಅದರಲ್ಲಿ ಸಣ್ಣ ಸಣ್ಣ ಮನೆಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಸಣ್ಣದು ಸೇರಿ ಅದರ ದುಪ್ಪಟ್ಟು. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತು ಬೇರೆ, ಅರ್ಕಾವತ್ತು ಬೇರೆ. ಎಲ್ಲ ಸೇರಿ ನೂರಾರು ಮನೆ. ಯಾವ ಮನೆ ಎಲ್ಲಿ ಎಂದು ಕೈಗೇ ಗೊತ್ತಿರಬೇಕು, ಕಣ್ಣು ಬರಹದ ಮೇಲಿರಬೇಕು. ಮದುವೆ ಕಾಲದಲ್ಲಿ ‘ಚಿ’ ಮತ್ತು ‘ಸೌ’ ಮನೆಗಳು ಮೊದಲು ಖಾಲಿಯಾಗುತ್ತಿದ್ದವಂತೆ. ಒಂದು ಕಾಗದ ಅಚ್ಚಾಗಿ, ಮೊಳೆ ಬಿಚ್ಚಿ, ಮನೆಗೆ ವಾಪಸು ಹಾಕಿದ ಮೇಲೆಯೇ ಇನ್ನೊಬ್ಬರ ಚಿರಂಜೀವಿಗೆ ಮದುವೆ.

ಈಗ ಕಂಪ್ಯೂಟರಿಗೆ ಬರೋಣ. ಕನ್ನಡ ಪರದೆಗೆ ಬಂದಾಗ ಇದೇ ಕಥೆ ಮತ್ತೊಮ್ಮೆ ನಡೆಯಿತು. ಯು. ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ಶುರುಮಾಡಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ತರ್ಕವೇ ಸರ್ಕಾರ ಒಪ್ಪಿದ ಕೀಲಿಮಣೆಗೆ ಅಡಿಪಾಯವಾಯಿತು. ಅವರು ಅಕ್ಷರದ ಆಕಾರವನ್ನಲ್ಲ, ಉಚ್ಚಾರವನ್ನು ಹಿಡಿದರು. ವ್ಯಂಜನ ಒತ್ತು, ಸ್ವರ ಒತ್ತು. ಎರಡು ವ್ಯಂಜನ ಕೂಡಿಸಬೇಕಾದರೆ ನಡುವೆ ಒಂದು ಕೊಂಡಿಯ ಕೀಲಿ. ನೂರಾರು ಮನೆಯ ಕೇಸು ಹತ್ತು ಬೆರಳಿನ ಅಂಗಳಕ್ಕೆ ಇಳಿಯಿತು.

ಆದರೆ ಆಗಿನ ಕಂಪ್ಯೂಟರಿನ ಒಳಗೆ ಕನ್ನಡಕ್ಕೆ ಸ್ವಂತ ಜಾಗ ಇರಲಿಲ್ಲ, ಇದ್ದ ವ್ಯವಸ್ಥೆ ಊರಲ್ಲೆಲ್ಲ ಹರಡಿರಲಿಲ್ಲ. ಕೆಲವರು ಕನ್ನಡವನ್ನು ಚಿತ್ರವಾಗಿಯೇ ಪುಟಕ್ಕೆ ಅಂಟಿಸುತ್ತಿದ್ದರು. ಕಲ್ಲಚ್ಚಿನ ಹಾಗೆ: ಓದಬಹುದು, ಹುಡುಕಲಾಗದು, ತಿದ್ದಲಾಗದು. ಉಳಿದವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ಚೂರುಗಳನ್ನು ಇಟ್ಟ ಫಾಂಟುಗಳನ್ನು ಮಾಡಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ. ಕಣ್ಣಿಗೆ ಮಾತ್ರ ಕನ್ನಡ. ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಒಂದೊಂದು ಚೂರು ಇಟ್ಟಿದ್ದರಿಂದ ಒಂದರ ಬರಹ ಇನ್ನೊಂದರಲ್ಲಿ ಓದಲು ಬಾರದು. ಆ ಫಾಂಟು ಇಲ್ಲದಿದ್ದರೆ ಬಣ್ಣ ಕಳಚಿ ಒಳಗಿನ ಇಂಗ್ಲಿಷ್ ಕಸ ಹೊರಗೆ ಬೀಳುತ್ತದೆ. ಅಜ್ಜನ ಫೈಲಿಗೆ ಆಗಿದ್ದು ಇದೇ. ಹಾಗೆಂದು ಆ ಉಪಾಯ ಮಾಡಿದವರನ್ನು ಬೈಯುವ ಮನಸ್ಸು ನನಗಿಲ್ಲ. ಅವರು ಕಾಯುತ್ತ ಕೂತಿದ್ದರೆ ಆ ಹತ್ತು ಹನ್ನೆರಡು ವರ್ಷ ಕಂಪ್ಯೂಟರಿನಲ್ಲಿ ಕನ್ನಡದ ಪುಸ್ತಕ, ಪತ್ರಿಕೆ, ಅರ್ಜಿ ಯಾವುದೂ ಆಗುತ್ತಿರಲಿಲ್ಲ.

ಸ್ವಂತ ಮನೆ ಆಗಲೇ ಕಾಗದದ ಮೇಲೆ ಸಿದ್ಧವಾಗಿತ್ತು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ತೆಗೆದಿರಿಸಿದ್ದರು. ಭಾರತದಲ್ಲೇ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತಕ್ರಮ ಅದಕ್ಕೆ ಮಾದರಿ. ಆದರೆ ಮನೆ ಇದ್ದರೆ ಸಾಲದು, ದಾರಿ ಬೇಕು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟ್ ಬಂದ ಮೇಲೆ ಸಾಮಾನ್ಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಕಾಣತೊಡಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅಜ್ಜನ ನೆನಪುಗಳನ್ನು ಟೈಪ್ ಮಾಡಿಸಿದ್ದು ಸರಿಯಾಗಿ ಈ ಎರಡು ವರ್ಷಗಳ ನಡುವೆ. ಸ್ವಲ್ಪ ತಡವಾಗಿ ಮಾಡಿಸಿದ್ದರೆ ಫೈಲು ಉಳಿಯುತ್ತಿತ್ತೇನೋ. ನೋಟುಪುಸ್ತಕ ಉಳಿಯುತ್ತಿತ್ತೆಂದು ಮಾತ್ರ ಹೇಳಲಾರೆ.

ಯೂನಿಕೋಡಿನಲ್ಲಿ ನನಗೆ ಬೆರಗಾದದ್ದು ಒಂದು ಸಂಗತಿ. ಅದರಲ್ಲಿ ಒತ್ತಕ್ಷರಗಳಿಗೆ ಮನೆಯೇ ಇಲ್ಲ. ‘ಸ್ತ್ರೀ’ ಎಂದರೆ ಕಂಪ್ಯೂಟರಿಗೆ ಆರು ಸಂಕೇತಗಳು: ಸ, ವಿರಾಮ, ತ, ವಿರಾಮ, ರ, ಈಕಾರದ ಚಿಹ್ನೆ. ಇವನ್ನು ಕೂಡಿಸಿ ಒಂದೇ ರೂಪ ಮಾಡುವುದು ಫಾಂಟಿನ ಒಳಗಿರುವ ಸೂತ್ರಗಳು. ಅಜ್ಜನ ಕೇಸಿನ ನೂರಾರು ಮೊಳೆಗಳು ಎಲ್ಲಿಗೂ ಹೋಗಿಲ್ಲ. ಅವು ಒಂದೊಂದು ಕನ್ನಡ ಫಾಂಟಿನ ಒಳಗೆ ಅಡಗಿ ಕೂತಿವೆ. ಯಾವ ಮೊಳೆ ಯಾವಾಗ ಎತ್ತಬೇಕು ಎಂದು ತಿಳಿದ ಕೈ ಮಾತ್ರ ಬದಲಾಗಿದೆ.

ಇದು ತಿಳಿಯದೆ ನಾನು ಮಾಡಿದ ಮೊದಲ ಪುಟ ನಗೆಪಾಟಲಾಗಿತ್ತು. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಮೂಡಿಬರಲಿ ಎಂದು, ಇಂಗ್ಲಿಷ್ ಪುಟಗಳಲ್ಲಿ ಎಲ್ಲರೂ ಬಳಸುವ ಒಂದು ಅನಿಮೇಶನ್ ಹಾಕಿದ್ದೆ. ಅದು ಸಂಕೇತಗಳನ್ನು ಲೆಕ್ಕ ಹಾಕಿ ಒಡೆಯುತ್ತದೆ. ‘ಕನ್ನಡ’ ಎಂಬ ಪದವೇ ಐದು ತುಂಡಾಯಿತು. ನಡುವೆ ವಿರಾಮದ ಚಿಹ್ನೆ ಒಂದು ಒಂಟಿಯಾಗಿ ನಡುಗುತ್ತ ನಿಂತಿತು. ಅಕ್ಷರ ಎಂಬುದನ್ನೇ ನಾನು ಇಂಗ್ಲಿಷಿನ ಅಳತೆಯಲ್ಲಿ ತಿಳಿದಿದ್ದೆ. ಅನಿಮೇಶನ್ ತೆಗೆದುಹಾಕಿದೆ.

ಫೈಲನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ಅಂಗಡಿಯವರು ಬಳಸಿದ ಫಾಂಟ್ ಯಾವುದೆಂದು ಪತ್ತೆ ಮಾಡಲು ಒಂದು ವಾರ ಹಿಡಿಯಿತು. ತಿರುಗಿಸಿದಾಗ ಮುಕ್ಕಾಲು ಪಾಲು ಕನ್ನಡ ಮರಳಿ ಬಂತು. ಉಳಿದದ್ದನ್ನು ಅಜ್ಜನೇ ಹೇಳಬೇಕು. ಎಂಬತ್ತು ದಾಟಿದ ಅಜ್ಜನಿಗೆ ಮೊಬೈಲಿನಲ್ಲಿ ಪುಟ ತೆರೆದುಕೊಟ್ಟೆ. ತಮ್ಮ ನೆನಪುಗಳನ್ನು ಇಪ್ಪತ್ತು ವರ್ಷದ ನಂತರ ಓದುವವರು ಕಣ್ಣೀರು ಹಾಕುತ್ತಾರೆಂದು ನಾನು ಕಾದಿದ್ದೆ. ಅವರು ಕನ್ನಡಕ ಏರಿಸಿ ಪ್ರೂಫ್ ನೋಡಲು ಶುರುಮಾಡಿದರು.

“ಇದೆಂಥದ್ದು ಮಾರಾಯ್ತಿ, ಲೆಡ್ ಹಾಕಲಿಲ್ವಾ ನೀನು?”

ನನಗೆ ತಿಳಿಯಲಿಲ್ಲ. ಸಾಲಿಗೂ ಸಾಲಿಗೂ ನಡುವೆ ಇಡುವ ಸೀಸದ ತೆಳು ಪಟ್ಟಿಗೆ ಅಚ್ಚುಕೂಟದಲ್ಲಿ ಲೆಡ್ ಎನ್ನುತ್ತಾರಂತೆ. ಇಂಗ್ಲಿಷಿಗೆ ಸಣ್ಣದು ಸಾಕು, ಕನ್ನಡಕ್ಕೆ ದಪ್ಪದ್ದು ಬೇಕು, ಯಾಕೆಂದರೆ ನಮ್ಮ ಅಕ್ಷರ ಕೆಳಗೂ ಸಂಸಾರ ಮಾಡುತ್ತದೆ ಎಂದರು. ನೋಡಿದರೆ ಹೌದು. ಮೇಲಿನ ಸಾಲಿನ ‘ಸ್ತ್ರ’ದ ಒತ್ತು ಕೆಳಗಿನ ಸಾಲಿನ ‘ವಿ’ಯ ಗುಡಿಸಿಗೆ ತಾಗುತ್ತಿತ್ತು. ನಾನು ಸಾಲಿನ ಎತ್ತರವನ್ನು ಒಂದು ಇಂಗ್ಲಿಷ್ ಪುಟದಿಂದ ಹಾಗೆಯೇ ಎತ್ತಿಕೊಂಡಿದ್ದೆ. ವೆಬ್ ವಿನ್ಯಾಸದಲ್ಲಿ ನಾವು ‘ಲೆಡಿಂಗ್’ ಎಂದು ಕಲಿತ ಪದ ಆ ಸೀಸದ ಪಟ್ಟಿಯಿಂದಲೇ ಬಂದದ್ದೆಂದು ನನಗೆ ಹೊಳೆದದ್ದು ಆಗ. ಪಾಠದಲ್ಲಿ ಓದಿದ್ದೆ, ಕೈಯಲ್ಲಿ ಹಿಡಿದವರು ಹೇಳಿದಾಗ ಅರ್ಥವಾಯಿತು.

ಆಮೇಲೆ ಅಜ್ಜ ಅರ್ಕಾವತ್ತಿಗೆ ಬಂದರು. ಫೈಲು ತಿರುಗಿಸುವಾಗ ಕೆಲವು ಕಡೆ ‘ರ್ಯ’, ಕೆಲವು ಕಡೆ ‘ರ‍್ಯ’ ಆಗಿತ್ತು. ‘ರ‍್ಯಾಂಕ್’ ಎಂಬಲ್ಲಿ ಎರಡನೆಯದೇ ಬೇಕು, ಅದಕ್ಕೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ತೂರಿಸಬೇಕು. ಅಜ್ಜ ಅಂಥ ಹನ್ನೊಂದು ಜಾಗ ಗುರುತಿಸಿದರು. ಮೂರು ಪದಗಳು ಏನೆಂದು ಅವರಿಗೂ ನೆನಪಾಗಲಿಲ್ಲ. ಅವರ ಮೊದಲ ಸಂಬಳದ ಮೊತ್ತ ಅದರಲ್ಲೊಂದು. ಊಹಿಸಿ ತುಂಬಿಸಲೇ ಎಂದೆ. ಬೇಡ, ಜಾಗ ಖಾಲಿ ಬಿಡು, ಮೊಳೆ ಇಲ್ಲದ ಕಡೆ ನಾವು ಹಾಗೇ ಬಿಡುತ್ತಿದ್ದೆವು ಎಂದರು.

ಪ್ರಾಜೆಕ್ಟ್ ಒಪ್ಪಿಸಿದಾಗ ವಿನ್ಯಾಸ ತೀರಾ ಸರಳವಾಯಿತು ಎಂಬ ಮಾತು ಬಂತು. ನಿಜವೇ. ಬಿಳಿ ಪುಟ, ಕಪ್ಪು ಅಕ್ಷರ, ಇಂಗ್ಲಿಷ್ ಪುಟಕ್ಕಿಂತ ಹೆಚ್ಚು ಅಗಲದ ಸಾಲಿನ ನಡು, ಅಲ್ಲಲ್ಲಿ ಮೂರು ಖಾಲಿ ಜಾಗ. ಅದರೊಳಗೆ ಏನೇನಿದೆ ಎಂದು ಹತ್ತು ನಿಮಿಷದಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಮೊನ್ನೆ ಊರಿಗೆ ಹೋದಾಗ ಅಜ್ಜ ಇನ್ನೊಂದು ತಪ್ಪು ಹಿಡಿದಿಟ್ಟಿದ್ದರು. ತಿದ್ದಿದೆ. ಅವರ ಕಣ್ಣೆದುರೇ ಒಂದು ಅಕ್ಷರ ಹೋಗಿ ಇನ್ನೊಂದು ಬಂತು. ಅಷ್ಟು ಬೇಗ ಆಗುತ್ತದಾ ಎಂದು ಕೇಳಿ, ಮೊಬೈಲನ್ನು ತಿರುಗಿಸಿ ಅದರ ಬೆನ್ನನ್ನೊಮ್ಮೆ ನೋಡಿದರು.