ಹೂವು ಮತ್ತು ಎರಡೆಲೆ: ಗೋವಾ ಕೊಟ್ಟ ಉತ್ತರ

ಪುಣೆ, ಮುಂಬೈಗಳಲ್ಲಿರುವ ನಮ್ಮಂಥವರಿಗೆ ಗೋವಾ ಎಂದರೆ ಮೂರು ದಿನ ರಜೆ ಕಳೆಯುವ ಊರು. ಅದು ಮಹಾರಾಷ್ಟ್ರದ ಒಂದು ಜಿಲ್ಲೆಯಾಗದೆ ಉಳಿದದ್ದರ ಹಿಂದೆ ಒಂದು ಮತದಾನದ ಕತೆಯಿದೆ. 1967ರ ಜನವರಿ 16ರಂದು ಅಲ್ಲಿಯವರು ಮತ ಹಾಕಿದ್ದು ಯಾವ ಅಭ್ಯರ್ಥಿಗೂ ಅಲ್ಲ. ಅವರ ಮುಂದಿದ್ದದ್ದು ಒಂದೇ ಪ್ರಶ್ನೆ: ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ?

ಪೋರ್ಚುಗೀಸರ ಆಳ್ವಿಕೆ 1961ರ ಡಿಸೆಂಬರಿನಲ್ಲಿ ಮುಗಿಯಿತು. 1963ರ ಮೊದಲ ಚುನಾವಣೆಯಲ್ಲಿ ದಯಾನಂದ ಬಾಂದೋಡಕರ್ ಅವರ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ ಅಧಿಕಾರಕ್ಕೆ ಬಂತು. ವಿಲೀನವೇ ಅದರ ಮುಖ್ಯ ಘೋಷಣೆ. ಕೊಂಕಣಿ ಮರಾಠಿಯ ಉಪಭಾಷೆ ಎಂಬುದು ಅದರ ವಾದ. ಭೂಮಾಲೀಕರ ಕೈಕೆಳಗೆ ನಲುಗಿದ್ದ ಬಹುಜನ ಸಮಾಜ ಅದರ ಬೆನ್ನಿಗಿತ್ತು. ನಾವು ಗೆದ್ದಿದ್ದೇವೆ, ಹಾಗಾದರೆ ಜನ ವಿಲೀನಕ್ಕೆ ಒಪ್ಪಿದ್ದಾರೆ, ವಿಧಾನಸಭೆಯೇ ತೀರ್ಮಾನಿಸಲಿ ಎಂದು ಅವರು ಹೇಳಿದರು. ಯುನೈಟೆಡ್ ಗೋವನ್ಸ್ ಪಕ್ಷದ ಜಾಕ್ ಡಿ ಸಿಕ್ವೇರಾ ಇದನ್ನು ಒಪ್ಪಲಿಲ್ಲ. ಪಕ್ಷಕ್ಕೆ ಹಾಕಿದ ಮತವೇ ಬೇರೆ, ನೆಲದ ಭವಿಷ್ಯಕ್ಕೆ ಹಾಕುವ ಮತವೇ ಬೇರೆ. ಜನರನ್ನೇ ನೇರವಾಗಿ ಕೇಳಿ ಎಂದು ಅವರು ದೆಹಲಿಯ ಬಾಗಿಲು ತಟ್ಟುತ್ತಲೇ ಇದ್ದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೆಲಸಕ್ಕೆ ಸಿದ್ಧ ದಾರಿಯೊಂದಿದೆ. ನಿಗದಿತ ಸಂಖ್ಯೆಯ ಸಹಿ ಸಂಗ್ರಹಿಸಿದರೆ ಜನರೇ ಒಂದು ಪ್ರಶ್ನೆಯನ್ನು ಇಡೀ ರಾಜ್ಯದ ಮತದಾರರ ಮುಂದಿಡಬಹುದು. 1911ರಿಂದ ಈ ಪದ್ಧತಿಯಿದೆ. ನಮ್ಮ ಸಂವಿಧಾನದಲ್ಲಿ ಆ ದಾರಿಯಿಲ್ಲ. ಹಾಗಾಗಿ ಗೋವಾಕ್ಕಾಗಿ ಸಂಸತ್ತು 1966ರ ಡಿಸೆಂಬರಿನಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಮತದಾನ ನ್ಯಾಯವಾಗಿ ನಡೆಯಲೆಂಬ ಒತ್ತಾಯಕ್ಕೆ ಮಣಿದು ಬಾಂದೋಡಕರ್ ಸರ್ಕಾರ ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟಿತು.

ಓದು ಬಾರದ ಮತದಾರನಿಗೂ ಪ್ರಶ್ನೆ ಅರ್ಥವಾಗಬೇಕಲ್ಲ, ಅದಕ್ಕೆ ಎರಡು ಚಿಹ್ನೆಗಳನ್ನು ಕೊಟ್ಟರು. ಹೂವು ಎಂದರೆ ವಿಲೀನ, ಎರಡೆಲೆ ಎಂದರೆ ಪ್ರತ್ಯೇಕ. ಪ್ರಚಾರದಲ್ಲಿ ನನಗೆ ಮೆಚ್ಚುಗೆಯಾಗುವುದು 'ರಾಷ್ಟ್ರಮತ' ಪತ್ರಿಕೆಯ ಪಾತ್ರ. ವಿಲೀನ ಬೇಡವೆಂದು ವಾದಿಸಿದ ಈ ದಿನಪತ್ರಿಕೆ ಬರುತ್ತಿದ್ದದ್ದು ಮರಾಠಿಯಲ್ಲಿ! ಮರಾಠಿ ಓದುವವರನ್ನು ಮರಾಠಿಯಲ್ಲೇ ಮುಟ್ಟಬೇಕು ಎಂಬ ಲೆಕ್ಕ ಅದು. ಅದರಲ್ಲಿ ಉದಯ್ ಭೆಂಬ್ರೆಯವರ 'ಬ್ರಹ್ಮಾಸ್ತ್ರ' ಅಂಕಣ ಬರುತ್ತಿತ್ತು. ಪತ್ರಿಕೆ ತಲುಪದ ಕಡೆ ಉಲ್ಹಾಸ್ ಬುಯಾಂವ್ ಅವರ ಕೊಂಕಣಿ ಹಾಡುಗಳು ತಲುಪಿದವು.

ಒಟ್ಟು 3,88,432 ಮತದಾರರಲ್ಲಿ 3,17,633 ಮಂದಿ ಮತ ಹಾಕಿದರು. ಎರಡೆಲೆಗೆ 1,72,191, ಹೂವಿಗೆ 1,38,170, ಅಂತರ 34,021. ಗೋವಾ ಪ್ರತ್ಯೇಕವಾಗಿಯೇ ಉಳಿಯಿತು. ಸ್ವಾರಸ್ಯ ಇರುವುದು ಇದರ ನಂತರ. ಎರಡು ತಿಂಗಳ ಬಳಿಕ, ಮಾರ್ಚಿನಲ್ಲಿ ವಿಧಾನಸಭಾ ಚುನಾವಣೆ ನಡೆದಾಗ ಅದೇ ಮತದಾರರು ಬಾಂದೋಡಕರ್ ಅವರನ್ನೇ ಮತ್ತೆ ಅಧಿಕಾರಕ್ಕೆ ತಂದರು. ನೀವು ನಮ್ಮನ್ನು ಆಳಿ, ಆದರೆ ನಮ್ಮ ನೆಲವನ್ನು ಬೇರೆಯವರಿಗೆ ಸೇರಿಸಬೇಡಿ ಎಂದ ಹಾಗಾಯಿತು. ಸಿಕ್ವೇರಾ ಹೇಳುತ್ತಿದ್ದದ್ದೂ ಅದನ್ನೇ. ಎರಡು ಪ್ರಶ್ನೆಗಳನ್ನು ಬಿಡಿಸಿ ಕೇಳದಿದ್ದರೆ ಈ ಉತ್ತರ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗೆಂದು ಆ ಮತದಾನ ಎಲ್ಲವನ್ನೂ ಕೇಳಿತು ಎನ್ನುವಂತಿಲ್ಲ. ಪೂರ್ಣ ರಾಜ್ಯದ ಸ್ಥಾನ ಬೇಕೆ ಎಂಬ ಮೂರನೆಯ ಆಯ್ಕೆ ಮತಪತ್ರದಲ್ಲಿ ಇರಲಿಲ್ಲ. ಅದು ದಕ್ಕಿದ್ದು 20 ವರ್ಷಗಳ ನಂತರ, 1987ರ ಮೇ 30ರಂದು. ಇನ್ನೊಂದು ಸಂಗತಿ ನಮ್ಮ ಮನಸ್ಸಿಗೆ ಹತ್ತಿರದ್ದು. ದುಡಿಮೆಗಾಗಿ ಮುಂಬೈ ಮತ್ತಿತರ ಊರುಗಳಿಗೆ ಹೋಗಿದ್ದ ಗೋವನ್ನರಿಗೂ ಮತದ ಹಕ್ಕು ಕೊಡಿ ಎಂಬ ಬೇಡಿಕೆಯಿತ್ತು; ಅದನ್ನು ಒಪ್ಪಲಿಲ್ಲ. ಊರಿಗೆ ಹಣ ಕಳಿಸುವವರು, ಹಬ್ಬಕ್ಕೆ ಊರಿಗೇ ಓಡುವವರು ಫಲಿತಾಂಶವನ್ನು ದೂರದಿಂದ ಕಾಯಬೇಕಾಯಿತು. ಊರು ಬಿಟ್ಟ ನಮಗೆ ಆ ಸಂಕಟ ಅರ್ಥವಾಗುತ್ತದೆ. ಆದರೂ ನಿರ್ಧಾರ ಸರಿಯಿತ್ತೆಂದೇ ನನ್ನ ಅನಿಸಿಕೆ. ಫಲಿತಾಂಶದೊಂದಿಗೆ ದಿನವೂ ಬಾಳಬೇಕಾದವರು ಅಲ್ಲಿದ್ದವರು.

ಅದೇ ಚಳಿಗಾಲದಲ್ಲಿ ನಮ್ಮ ಬೆಳಗಾವಿಯ ಪ್ರಶ್ನೆ ಬೇರೆ ದಾರಿ ಹಿಡಿದಿತ್ತು. 1966ರ ಅಕ್ಟೋಬರಿನಲ್ಲಿ ನೇಮಕವಾದ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ 1967ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಬೆಳಗಾವಿ ಮೈಸೂರಿನಲ್ಲೇ ಉಳಿಯಲಿ ಎಂದಿತು. ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಿಂದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಗಡಿಯ ಹಳ್ಳಿಗಳಲ್ಲಿ ಮತದಾನ ನಡೆಸಿದ್ದರೆ ಜಗಳ ಮುಗಿಯುತ್ತಿತ್ತೇ? ಊರೂರನ್ನು ಒಡೆದು ಎಣಿಸಿದ್ದರೆ ಇನ್ನಷ್ಟು ಹೊತ್ತಿಕೊಳ್ಳುತ್ತಿತ್ತೋ ಏನೋ. ಆದರೆ ಪ್ರತಿ ವರ್ಷ ನವೆಂಬರ್ 1ರಂದು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಈ ಬಗ್ಗೆ ಬಿಸಿ ಬಿಸಿ ಚರ್ಚೆ ಮಾಡುವ ನಾವು ಗೋವಾದ ಆ ಮತದಾರರ ಪಟ್ಟಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅದರಲ್ಲಿ ನಮ್ಮಂಥವರ ಹೆಸರು ಇರಲಿಲ್ಲ.