ಜಿಂಕೆಯ ಚರ್ಮ, ಹಸುವಿನ ಯಕೃತ್ತು ಮತ್ತು ಎರಡು ಬಾಣದ ಮೊನೆ

ಒಂದು ಪೆಟ್ಟಿಗೆ. ಅದರ ಎದುರುಬದುರಿನ ಎರಡು ಬದಿಗಳಿಗೆ ಬಿಗಿದ ಹಸಿ ಜಿಂಕೆಯ ಚರ್ಮ, ಒಳಗೆ ತುಂಬಿದ ಹಸುವಿನ ಯಕೃತ್ತು. ಹತ್ತು ಗಜ ದೂರದಲ್ಲಿ ಹೆಚ್ಚು ಬಲವಿಲ್ಲದ ಬಿಲ್ಲು ಹಿಡಿದು ನಿಂತವನು ಸ್ಯಾಕ್ಸ್‌ಟನ್ ಪೋಪ್. ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕ. ಅವನ ಕೈಯಲ್ಲಿ ತೂಕ, ಉದ್ದ, ಗರಿ ಎಲ್ಲದರಲ್ಲೂ ಒಂದೇ ಆಗಿದ್ದ ಎರಡು ಬಾಣಗಳು. ಒಂದಕ್ಕೆ ಉಕ್ಕಿನ ಮೊನೆ, ಇನ್ನೊಂದಕ್ಕೆ ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜಿನ ಮೊನೆ. ಮತ್ತೆ ಮತ್ತೆ ಹೊಡೆದು ನೋಡಿದಾಗ ಉಕ್ಕು 22 ಅಂಗುಲ ಹೋಯಿತು, ಗಾಜು 30 ಅಂಗುಲ.

1923ರಲ್ಲಿ ಪ್ರಕಟವಾದ ತನ್ನ ಬಿಲ್ಲುಬೇಟೆಯ ಪುಸ್ತಕದಲ್ಲಿ ಪೋಪ್ ಇದನ್ನು ಸುಮಾರು ಶೇಕಡ 25ರಷ್ಟು ಹೆಚ್ಚು ಎಂದು ಲೆಕ್ಕ ಹಾಕುತ್ತಾನೆ. ನಾನು ಓದುವಾಗ ಪೆನ್ಸಿಲ್ ಹಿಡಿದು ಕೂತೆ. 22ಕ್ಕೆ 8 ಸೇರಿದರೆ ಅದು ಶೇಕಡ 36. ವೈದ್ಯ ಲೆಕ್ಕದಲ್ಲಿ ತಪ್ಪಿದ, ಅಥವಾ ದೊಡ್ಡ ಸಂಖ್ಯೆಯಿಂದ ಭಾಗಿಸಿದ. ಅದಿರಲಿ, ಕಾರಣವನ್ನು ಮಾತ್ರ ಅವನು ವೈದ್ಯನ ಕಣ್ಣಿನಿಂದಲೇ ಕಂಡ. ಚಕ್ಕೆ ಎಬ್ಬಿಸಿದ ಗಾಜಿನ ಅಂಚು ಅಲೆಅಲೆಯಾಗಿರುತ್ತದೆ. ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ನಯವಾದ ಚಾಕುವಿಗಿಂತ ಚೆನ್ನಾಗಿ ಕೊಯ್ಯುವುದೂ ಅದೇ ತತ್ವದಿಂದ.

ಜಿಂಕೆಯ ಬೇಟೆಗೆ ಯಾವ ಮೊನೆ ಒಳ್ಳೆಯದು ಎಂಬ ಪ್ರಶ್ನೆಯನ್ನು ಅಮೆರಿಕದ ಬಿಲ್ಲುಬೇಟೆಗಾರರು ಇಂದಿಗೂ ಬಿಟ್ಟಿಲ್ಲ. ಆ ಜಗಳದ ಮೊದಲ ಪುಟಗಳಲ್ಲಿ ಈ ಪೆಟ್ಟಿಗೆ ಇದೆ. ಪೆಟ್ಟಿಗೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ: ಆ ಎರಡೂ ಬಾಣಗಳನ್ನು ಮಾಡಿದವನು.

1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಪಟ್ಟಣದ ಅಂಚಿನಲ್ಲಿ ಹಸಿದು ಸೊರಗಿದ ಒಬ್ಬ ಒಂಟಿ ವ್ಯಕ್ತಿ ಸಿಕ್ಕಿದ. ಬಿಳಿಯ ವಲಸಿಗರ ಕೊಲೆಗಳಿಂದ ನಾಶವಾದ ಯಾಹಿ ಜನರಲ್ಲಿ ಉಳಿದ ಕೊನೆಯವನು. ತನ್ನ ಹೆಸರನ್ನು ಅವನು ಹೇಳಲಿಲ್ಲ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನನ್ನು 'ಇಶಿ' ಎಂದು ಕರೆದ. ಅವರ ಭಾಷೆಯಲ್ಲಿ ಹಾಗೆಂದರೆ ಮನುಷ್ಯ. ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲೇ ಅವನಿಗೆ ವಾಸ, ಅಲ್ಲೇ ಕೆಲಸ. ಭಾನುವಾರಗಳಂದು ಜನ ಬಂದು ಅವನು ಮೊನೆ ಕೆತ್ತುವುದನ್ನು ನೋಡುತ್ತಿದ್ದರು. ಒಡೆದ ಬಾಟಲಿಯ ಗಾಜಿನಿಂದಲೂ ಅವನು ಎಲೆಯಂಥ ಮೊನೆಗಳನ್ನು ಮಾಡಬಲ್ಲವನಾಗಿದ್ದ. ಪಕ್ಕದ ವೈದ್ಯಕೀಯ ಕಾಲೇಜಿನಲ್ಲಿದ್ದ ಪೋಪ್ ಅವನ ವೈದ್ಯನಾದ, ಗೆಳೆಯನಾದ, ಬಿಲ್ವಿದ್ಯೆಯಲ್ಲಿ ಶಿಷ್ಯನೂ ಆದ.

ಇಶಿ ದೂರದ ಗುರಿಕಾರನಲ್ಲ. ಆ ವಿಷಯವನ್ನು ಪೋಪ್ ಮುಚ್ಚಿಡುವುದಿಲ್ಲ. ನಲವತ್ತು ಐವತ್ತು ಗಜದ ಹುಲ್ಲಿನ ಗುರಿಗೆ ಹೊಡೆಯುವಾಗ ಇಶಿ ತಪ್ಪುತ್ತಿದ್ದ, ಅಂಥ ಆಟದಲ್ಲಿ ಅವನಿಗೆ ಆಸಕ್ತಿಯೂ ಇರಲಿಲ್ಲ. ಬೇಟೆಯಲ್ಲಿ ಅವನು ಜಿಂಕೆಯ ತಲೆಯ ಚರ್ಮವನ್ನು ತುಂಬಿಸಿ ಪೊದೆಯ ಮೇಲೆ ಆಡಿಸುತ್ತಿದ್ದ. ಕುತೂಹಲದಿಂದ ಜಿಂಕೆ ತಾನೇ ಹತ್ತಿರ ಬರುವವರೆಗೆ ಕಾಯುತ್ತಿದ್ದ.

ಪೋಪ್ ಮತ್ತು ಅವನ ಜೊತೆಗಾರ ಆರ್ಥರ್ ಯಂಗ್ ಅವರಿಂದ ಹಬ್ಬಿದ ಹವ್ಯಾಸಕ್ಕೆ 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನವರಿಗೆಂದೇ ಜಿಂಕೆ ಬೇಟೆಯ ಋತುವನ್ನು ಕೊಟ್ಟಿತು. 1969ರಲ್ಲಿ ಮಿಸೂರಿಯ ಹೋಲಿಸ್ ವಿಲ್ಬರ್ ಅಲೆನ್ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಪಡೆದ. ರಾಟೆಗಳಿರುವ ಈ ಬಿಲ್ಲನ್ನು ಪೂರ್ತಿ ಎಳೆದಾಗ ಕೈಮೇಲಿನ ಭಾರ ಇಳಿಯುತ್ತದೆ; ಬಿಟ್ಟ ಬಾಣದ ವೇಗ ಏರುತ್ತದೆ. ವೇಗ ಬಂದ ಕೂಡಲೇ ಹಳೆಯ ಮೊನೆಯ ಒಂದು ದೋಷ ಎದ್ದು ಕಂಡಿತು. ಬ್ರಾಡ್‌ಹೆಡ್ ಎಂದರೆ ಅಗಲ ಅಲಗುಗಳ ಮೊನೆ. ಬಾಣದ ಮೂತಿಯಲ್ಲಿರುವ ಆ ಅಲಗುಗಳು ಗಾಳಿಗೆ ಪುಟ್ಟ ರೆಕ್ಕೆಗಳಂತೆ ಸಿಕ್ಕಿ, ಹಿಂದಿನ ಗರಿಗಳೊಡನೆ ಜಗಳಕ್ಕೆ ನಿಲ್ಲುತ್ತವೆ. ಬಾಣ ದಾರಿ ಬಿಡುತ್ತದೆ. ಅಲಗುಗಳನ್ನು ಮಡಚಿಟ್ಟರೆ ಹೇಗೆ? ಅದೇ ಮೆಕ್ಯಾನಿಕಲ್ ಬ್ರಾಡ್‌ಹೆಡ್. ಹಾರುವಾಗ ರಬ್ಬರಿನ ಉಂಗುರವೋ ಪ್ಲಾಸ್ಟಿಕ್ ಪಟ್ಟಿಯೋ ಅಲಗುಗಳನ್ನು ಮೈಗೆ ಒತ್ತಿ ಹಿಡಿದಿರುತ್ತದೆ. ಚರ್ಮಕ್ಕೆ ತಾಗಿದ ಕ್ಷಣ ಅವು ಬಿಚ್ಚಿಕೊಂಡು ಎರಡು ಅಂಗುಲದವರೆಗೆ ಅಗಲವಾಗುತ್ತವೆ.

ಜಿಂಕೆ ಬಾಣದ ಏಟಿನ ಆಘಾತಕ್ಕೆ ಸಾಯುವುದಿಲ್ಲ. ಶ್ವಾಸಕೋಶ ಸೀಳಿ, ರಕ್ತ ಹರಿದು ಸಾಯುತ್ತದೆ. ಆದ್ದರಿಂದ ಗಾಯ ಅಗಲವಾಗಿದ್ದಷ್ಟೂ ಸಾವು ಬೇಗ ಎಂಬುದು ಮೆಕ್ಯಾನಿಕಲ್ ಪಕ್ಷದ ವಾದ. ಆದರೆ ಅಲಗು ಬಿಚ್ಚುವುದಕ್ಕೂ, ಅಗಲ ಗಾಯ ಕೊರೆಯುವುದಕ್ಕೂ ಬಾಣದ ಶಕ್ತಿಯೇ ಖರ್ಚಾಗಬೇಕು. ಓರೆಯಾಗಿ ತಾಗಿದರೆ, ಭುಜದ ಮೂಳೆಗೆ ಬಡಿದರೆ ಬಾಣ ಅರ್ಧಕ್ಕೇ ನಿಂತೀತು. ಇನ್ನೊಂದು ಬದಿಗೆ ತೂತಾಗದಿದ್ದರೆ ನೆಲದ ಮೇಲೆ ರಕ್ತದ ಜಾಡು ಕಡಿಮೆ, ಓಡಿದ ಪ್ರಾಣಿಯನ್ನು ಹುಡುಕುವುದು ಕಷ್ಟ. ಐಡಹೊ, ಆರೆಗನ್ ರಾಜ್ಯಗಳು ಇಂಥ ಮೊನೆಗಳನ್ನು ಬಹುಕಾಲ ನಿಷೇಧಿಸಿದ್ದವು.

ಯಕೃತ್ತಿನ ಪೆಟ್ಟಿಗೆ ಈ ಜಗಳವನ್ನು ತೀರಿಸಲಾರದು. ಪೆಟ್ಟಿಗೆಗೆ ಪಕ್ಕೆಲುಬಿಲ್ಲ, ಅದು ಬೆಚ್ಚಿ ತಿರುಗುವುದಿಲ್ಲ, ಓಡುವುದಿಲ್ಲ. ಇಂದಿನ ಜೆಲ್ ಮತ್ತು ಪ್ಲೈವುಡ್ ಪರೀಕ್ಷೆಗಳಿಗೂ ಇದೇ ಮಾತು. ನನಗೆ ಕಂಡ ಮಟ್ಟಿಗೆ ಗಂಭೀರವಾದ ಲೆಕ್ಕ ಬಂದದ್ದು ನಿರೀಕ್ಷಿಸದ ಜಾಗದಿಂದ: ಮೇರಿಲ್ಯಾಂಡ್‌ನ ಒಂದು ನೌಕಾಪಡೆಯ ನೆಲೆ. ಅದರ ಹೆಸರು ಇಂಡಿಯನ್ ಹೆಡ್! ಇಶಿಯ ಕತೆ ಓದಿದ ಮೇಲೆ ಆ ಹೆಸರನ್ನು ಸುಮ್ಮನೆ ದಾಟಿಹೋಗಲು ನನಗೆ ಆಗಲಿಲ್ಲ. ಅಲ್ಲಿ ಬೇಟೆಯಾಡುವವರು ಮೊದಲು ಗುರಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಬಿಟ್ಟ ಬಾಣಗಳ ವರದಿ ಕೊಡಬೇಕು. 1989ರಿಂದ ಕೂಡಿಸಿದ ಈ ದಾಖಲೆಗಳ ಮೇಲೆ 2008ರಲ್ಲಿ ಬಂದ ಪ್ರಬಂಧದ ಪ್ರಕಾರ, ಬಾಣ ತಾಗಿದ ಜಿಂಕೆಗಳಲ್ಲಿ ಶೇಕಡ 18 ಬೇಟೆಗಾರನ ಕೈಗೆ ಸಿಗಲಿಲ್ಲ. ಮುಂದೆ ಮೊನೆಗಳನ್ನು ಬೇರ್ಪಡಿಸಿ ನೋಡಿದಾಗ, ಸ್ಥಿರ ಅಲಗಿನ ಮೊನೆ ತಾಗಿದವುಗಳಲ್ಲಿ ಸುಮಾರು ಶೇಕಡ 82, ಮೆಕ್ಯಾನಿಕಲ್ ತಾಗಿದವುಗಳಲ್ಲಿ ಸುಮಾರು 91 ಸಿಕ್ಕಿದ್ದವು.

ಮೆಕ್ಯಾನಿಕಲ್ ಪಕ್ಷದವರು ಈ ಸಂಖ್ಯೆಗಳನ್ನು ಬಾವುಟದಂತೆ ಬೀಸುತ್ತಾರೆ. ನಾನು ಅಷ್ಟು ಬೇಗ ಒಪ್ಪಲಾರೆ. ಯಾವ ಮೊನೆ ಯಾರಿಗೆ ಎಂದು ಚೀಟಿ ಎತ್ತಿ ಹಂಚಿರಲಿಲ್ಲ, ಬೇಟೆಗಾರರೇ ಆರಿಸಿಕೊಂಡರು. ಒಂದು ಕಾಲದ ಬಿಲ್ಲಿಗೂ ಹತ್ತು ವರ್ಷದ ನಂತರದ ಬಿಲ್ಲಿಗೂ, ಅದನ್ನು ಹಿಡಿದ ಕೈಯ ಅನುಭವಕ್ಕೂ ವ್ಯತ್ಯಾಸವಿದೆ. ಆದರೂ 'ಮೆಕ್ಯಾನಿಕಲ್ ಮೊನೆಯಿಂದ ಗಾಯಗೊಂಡು ತಪ್ಪಿಸಿಕೊಳ್ಳುವ ಜಿಂಕೆಗಳೇ ಹೆಚ್ಚು' ಎಂಬ ಹಳೆಯ ಆರೋಪ ಈ ದಾಖಲೆಯೆದುರು ನಿಲ್ಲುವುದಿಲ್ಲ. ಪರೀಕ್ಷೆ ಪಾಸಾದವರ ಕೈಯಲ್ಲೂ ನೂರಕ್ಕೆ ಒಂಬತ್ತು ಕಳೆದುಹೋಗುತ್ತವೆ ಎಂಬುದು ಅದೇ ಸಂಖ್ಯೆಯ ಇನ್ನೊಂದು ಮುಖ. ಅವುಗಳಲ್ಲಿ ಕೆಲವು ಬದುಕಿ ಉಳಿಯುತ್ತವೆ, ಎಲ್ಲವೂ ಅಲ್ಲ.

ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಬೇಟೆಯ ಬಾಗಿಲು ಅಲ್ಲಿಂದ ಮುಚ್ಚತೊಡಗಿತು. ಅದೇ 1972ರಲ್ಲಿ ಅಮೆರಿಕ ಬಿಲ್ಲುಬಾಣಗಳ ಮೇಲೆ ತೆರಿಗೆ ಹಾಕಿ, ಆ ಹಣವನ್ನು ವನ್ಯಜೀವಿಗಳ ರಕ್ಷಣೆಗೆ ಮೀಸಲಿಡುವ ಕಾನೂನು ಮಾಡಿತು. ಜಿಂಕೆಯನ್ನು ಕೊಲ್ಲುವ ಮೊನೆಯೇ ಜಿಂಕೆಯ ಕಾಡಿಗೆ ಕಾಸು ಕೊಡುವ ವ್ಯವಸ್ಥೆ ನಮಗೆ ವಿಚಿತ್ರ ಅನ್ನಿಸುತ್ತದೆ. ಅವರಿಗೆ ನಮ್ಮದು ಹಾಗೆ ಅನ್ನಿಸಬಹುದು.

ಇಶಿ 1916ರ ಮಾರ್ಚ್ 25ರಂದು ಕ್ಷಯದಿಂದ ತೀರಿಕೊಂಡ. ಅವನ ದೇಹವನ್ನು ಕೊಯ್ಯಬೇಡಿ ಎಂದು ನ್ಯೂಯಾರ್ಕಿನಲ್ಲಿದ್ದ ಕ್ರೋಬರ್ ಬರೆದ ಪತ್ರ ತಡವಾಗಿ ತಲುಪಿತು. ಆ ವೇಳೆಗೆ ಶವಪರೀಕ್ಷೆ ಮುಗಿದಿತ್ತು, ಪೋಪ್ ಅಲ್ಲಿದ್ದ. ಎಲ್ಲವನ್ನೂ ಅಳೆಯುತ್ತಿದ್ದ ಆ ಕಾಲದ ವಿಜ್ಞಾನ ಇಶಿಯ ಮೆದುಳನ್ನೂ ತೆಗೆದಿಟ್ಟುಕೊಂಡು ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿತು. ಅದು ಅವನ ಸಂಬಂಧಿ ಬುಡಕಟ್ಟುಗಳ ಕೈಸೇರಿದ್ದು 2000ದಲ್ಲಿ. ಉಳಿದ ದೇಹವನ್ನು 1916ರಲ್ಲೇ ದಹಿಸಿದರು. ಗೆಳೆಯರು ಶವಪೆಟ್ಟಿಗೆಯಲ್ಲಿ ಅವನ ಒಂದು ಬಿಲ್ಲು, ಐದು ಬಾಣ, ಒಂದು ಬುಟ್ಟಿ ಓಕ್ ಕಾಯಿಯ ಹಿಟ್ಟು ಮತ್ತು ಕೆಲವು ಅಬ್ಸಿಡಿಯನ್ ಚಕ್ಕೆಗಳನ್ನು ಇಟ್ಟಿದ್ದರು.